ನಮ್ಮ ಅಂಗಡಿಯ ಒಂದು ಕಿಲೋ ಎಲ್ಲಿಂದ ಬಂತು?

ಕುಣಿಕೋಣೂರ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಊರು. ರಾಜ್ಯ ಮಹಾರಾಷ್ಟ್ರ. ಆದರೂ ಅಲ್ಲಿನ ಅಂಗಡಿಯ ಒಂದು ಕಿಲೋ ಮತ್ತು ಮಂಗಳೂರಿನ ಒಂದು ಕಿಲೋ ಒಂದೇ ಆಗಿರಬೇಕು. ಇಲ್ಲದಿದ್ದರೆ ಗಡಿ ದಾಟಿ ವ್ಯಾಪಾರ ಮಾಡುವುದು ಹೇಗೆ?

ಅಂಗಡಿಯ ತೂಕದ ಕಲ್ಲನ್ನು ಇನ್‌ಸ್ಪೆಕ್ಟರ್ ತಮ್ಮ ಮಾದರಿ ತೂಕದ ಜೊತೆ ತಾಳೆ ನೋಡಿ ಸೀಲ್ ಹಾಕುತ್ತಾರೆ. ಅವರ ಮಾದರಿಗೂ ಮೇಲೊಂದು ಮಾದರಿ ಇದೆ. ಹೀಗೆ ಮೇಲೆ ಹೋದರೆ ಬೆಂಗಳೂರಿನಲ್ಲಿರುವಂಥ ಪ್ರಾದೇಶಿಕ ಪ್ರಯೋಗಾಲಯ, ಕೊನೆಗೆ ಹೊಸದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಭಾರತದ ಕಿಲೋ ಅಲ್ಲಿದೆ, ಅದರ ನಂಬರ್ 57.

ಅದರ ಮೂಲ ಪ್ಯಾರಿಸ್ ಹತ್ತಿರ ಇಟ್ಟಿರುವ, ಪ್ಲಾಟಿನಂಗೆ ನೂರಕ್ಕೆ 10 ಪಾಲು ಇರಿಡಿಯಂ ಬೆರೆಸಿದ ಉರುಳೆ. 1889ರಿಂದ ಅದೇ ಜಗತ್ತಿನ ಕಿಲೋ. ಆದರೆ ಸುಮಾರು ನೂರು ವರ್ಷದಲ್ಲಿ ಅದಕ್ಕೂ ಅದರ ಪ್ರತಿಗಳಿಗೂ 50 ಮೈಕ್ರೋಗ್ರಾಂನಷ್ಟು ವ್ಯತ್ಯಾಸ ಬಂತು. ನಮಗೆ ಅದು ಲೆಕ್ಕಕ್ಕೇ ಇಲ್ಲ, ವಿಜ್ಞಾನಿಗಳಿಗೆ ದೊಡ್ಡ ತಲೆನೋವು. ಲೋಹ ಎಷ್ಟು ಒಳ್ಳೆಯದಾದರೂ ಬದಲಾಗುತ್ತದಲ್ಲ! ಹಾಗಾಗಿ 2019ರ ಮೇ 20ರಿಂದ ಲೋಹದ ತುಂಡನ್ನು ಬಿಟ್ಟು, ಎಂದೂ ಬದಲಾಗದ ಪ್ಲಾಂಕ್ ಸ್ಥಿರಾಂಕದ ಮೇಲೆ ಕಿಲೋವನ್ನು ನಿಗದಿ ಮಾಡಿದರು.

ಅಂಗಡಿಯವರು ನೆನಪಿಡಬೇಕಾದ್ದು: ಕಲ್ಲಿಗೆ 24 ತಿಂಗಳಿಗೊಮ್ಮೆ, ಎಲೆಕ್ಟ್ರಾನಿಕ್ ಮಿಷನ್‌ಗೆ 12 ತಿಂಗಳಿಗೊಮ್ಮೆ ಸೀಲ್ ಕಡ್ಡಾಯ. ಒಮ್ಮೆ ನನ್ನ ಮಿಷನ್ ಕಿಲೋಗೆ 10 ಗ್ರಾಂ ಕಡಿಮೆ ತೋರಿಸುತ್ತಿತ್ತು. 100 ಕಿಲೋ ಸಕ್ಕರೆ ಮಾರಿದರೆ ಒಂದು ಕಿಲೋ ಫ್ರೀ! ಜಾಸ್ತಿ ತೋರಿಸಿದ್ದರೆ ನಷ್ಟ ಗಿರಾಕಿಗೆ, ಕೇಸು ನನ್ನ ಮೇಲೆ.