ಎಚ್‌ಟಿಟಿಪಿಎಸ್‌ನಿಂದ ಎಚ್‌ಟಿಟಿಪಿಗೆ ರೀಡೈರೆಕ್ಟ್: ಎಚ್ಚರಿಕೆ ಹೋಗುತ್ತದೋ, ಬೀಗವೇ ಹೋಗುತ್ತದೋ?

ಯಾವುದೋ ವೆಬ್‌ಸೈಟ್ ತೆರೆಯಲು ಹೋದಾಗ ಮೊಬೈಲ್ ಪರದೆಯ ತುಂಬ ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಎಂಬ ಎಚ್ಚರಿಕೆ ಬಂದಿದ್ದನ್ನು ನೀವೂ ನೋಡಿರುತ್ತೀರಿ. ಸೈಟ್ ನಡೆಸುವವರಿಗೆ ಇದೊಂದು ತಲೆನೋವು. ಅದಕ್ಕೆ ಸಿಗುವ ಸುಲಭದ ಸಲಹೆ ಹೀಗಿರುತ್ತದೆ: ‘ಎಚ್‌ಟಿಟಿಪಿಎಸ್ ಪುಟಕ್ಕೆ ಬಂದವರನ್ನೆಲ್ಲ ಸರ್ವರ್‌ನಲ್ಲೇ ಎಚ್‌ಟಿಟಿಪಿ ಪುಟಕ್ಕೆ ತಿರುಗಿಸಿಬಿಡಿ, ಎಚ್ಚರಿಕೆ ಬರುವುದಿಲ್ಲ.’

ಈ ಸಲಹೆ ಸರಿಯೇ? ಚಿಕ್ಕ ಉತ್ತರ: ಅಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಇದರಿಂದ ಎಚ್ಚರಿಕೆ ಹೋಗುವುದೇ ಇಲ್ಲ. ಇದು ಕೆಲಸ ಮಾಡಿದಾಗಲಂತೂ ನಷ್ಟ ಸೈಟ್‌ಗೆ ಬಂದವರದ್ದು. ಹೇಗೆ ಎಂದು ನೋಡೋಣ.

ಒಂದು ‘ಎಸ್’ ಅಕ್ಷರದ ಬೆಲೆ

ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶದಲ್ಲಿ ಬಿಡಿಭಾಗ ತಯಾರಿಸುವ ಒಂದು ಸಣ್ಣ ಕಾರ್ಖಾನೆ ಇದೆ ಎಂದುಕೊಳ್ಳಿ. ಅದರ ವೆಬ್‌ಸೈಟ್‌ನಲ್ಲಿ ಐಟಿಐ, ಡಿಪ್ಲೊಮಾ ಮುಗಿಸಿದವರು ಕೆಲಸಕ್ಕೆ ಅರ್ಜಿ ಹಾಕಬಹುದು. ಹೆಸರು, ವಿಳಾಸ, ಮೊಬೈಲ್ ನಂಬರ್, ಆಧಾರ್ ಪ್ರತಿ, ಪಾಸ್‌ಬುಕ್‌ನ ಫೋಟೊ ಎಲ್ಲವನ್ನೂ ಅಲ್ಲಿ ಸೇರಿಸಬೇಕು.

ಈ ಮಾಹಿತಿ ನಿಮ್ಮ ಫೋನಿನಿಂದ ನೇರವಾಗಿ ಕಾರ್ಖಾನೆಯ ಸರ್ವರ್‌ಗೆ ಹಾರಿ ಹೋಗುವುದಿಲ್ಲ. ವೈಫೈ ರೂಟರ್, ಮೊಬೈಲ್ ಕಂಪನಿಯ ಜಾಲ, ನಡುವಿನ ಹಲವು ಯಂತ್ರಗಳನ್ನು ದಾಟಿ ಹೋಗುತ್ತದೆ. ಎಚ್‌ಟಿಟಿಪಿ ಆದರೆ ಅದು ಅಂಚೆ ಕಾರ್ಡ್ ಇದ್ದಂತೆ. ದಾರಿಯಲ್ಲಿ ಕೈಗೆ ಸಿಕ್ಕವರು ಓದಬಹುದು, ಬೇಕಿದ್ದರೆ ನಡುವೆ ಒಂದು ಸಾಲು ಸೇರಿಸಲೂಬಹುದು. ಎಚ್‌ಟಿಟಿಪಿಎಸ್ ಆದರೆ ಅದು ಅರಗಿನ ಮುದ್ರೆ ಹಾಕಿದ ಲಕೋಟೆ. ಒಳಗಿರುವುದು ಗೂಢಲಿಪಿಯಲ್ಲಿರುತ್ತದೆ. ತಿದ್ದಿದರೆ ಗೊತ್ತಾಗುತ್ತದೆ. ತಲುಪಿದ ವಿಳಾಸ ಸರಿಯೇ ಎಂಬುದನ್ನು ಸರ್ವರ್ ತೋರಿಸುವ ಸರ್ಟಿಫಿಕೇಟ್ ನೋಡಿ ಬ್ರೌಸರ್ ಖಚಿತಪಡಿಸಿಕೊಳ್ಳುತ್ತದೆ.

ಸರ್ವರ್‌ನಲ್ಲಿ ಈ ಎರಡಕ್ಕೂ ಬೇರೆ ಬೇರೆ ಬಾಗಿಲುಗಳಿವೆ. ಎಚ್‌ಟಿಟಿಪಿಗೆ 80ನೇ ಪೋರ್ಟ್, ಎಚ್‌ಟಿಟಿಪಿಎಸ್‌ಗೆ 443ನೇ ಪೋರ್ಟ್. ಒಂದು ಬಾಗಿಲಿಗೆ ಬಂದವರಿಗೆ ‘ಇಲ್ಲಲ್ಲ, ಆ ಬಾಗಿಲಿಗೆ ಹೋಗಿ’ ಎಂದು ಸರ್ವರ್ ಹೇಳುವುದೇ ರೀಡೈರೆಕ್ಟ್. 80ಕ್ಕೆ ಬಂದವರನ್ನು 443ಕ್ಕೆ ಕಳಿಸುವುದು ಇಂದಿನ ರೂಢಿ. ನಾವು ಮಾತಾಡುತ್ತಿರುವುದು ಇದರ ಉಲ್ಟಾ ದಾರಿಯ ಬಗ್ಗೆ.

ಎಚ್ಚರಿಕೆ ಯಾಕೆ ಹೋಗುವುದಿಲ್ಲ?

ಕಾರಣ ಸರಳ. ಬ್ರೌಸರ್ ಎಚ್‌ಟಿಟಿಪಿಎಸ್ ವಿಳಾಸಕ್ಕೆ ಹೋದಾಗ ಮೊದಲು ನಡೆಯುವುದು ಸರ್ಟಿಫಿಕೇಟ್ ತಪಾಸಣೆ. ಅದು ಸರಿಯಿದ್ದರೆ ಮಾತ್ರ ಮುಂದಿನ ಮಾತು. ‘ಆ ಬಾಗಿಲಿಗೆ ಹೋಗಿ’ ಎಂಬ ರೀಡೈರೆಕ್ಟ್ ಸಂದೇಶ ಬರುವುದು ಈ ತಪಾಸಣೆ ಮುಗಿದ ಮೇಲೆ. ಸರ್ಟಿಫಿಕೇಟ್‌ನ ಅವಧಿ ಮುಗಿದಿದ್ದರೆ ಬ್ರೌಸರ್ ಹೊಸ್ತಿಲಲ್ಲೇ ನಿಂತು ಎಚ್ಚರಿಕೆ ತೋರಿಸುತ್ತದೆ. ಒಳಗಿನಿಂದ ಸರ್ವರ್ ಏನು ಹೇಳಬೇಕೆಂದಿದ್ದರೂ ಅದು ಕೇಳಿಸುವುದೇ ಇಲ್ಲ. ಅಂದರೆ ಎಚ್‌ಟಿಟಿಪಿಗೆ ತಿರುಗಿಸಬೇಕಾದರೂ ಸರಿಯಾದ ಸರ್ಟಿಫಿಕೇಟ್ ಬೇಕು. ಅದು ಇದ್ದರೆ ತಿರುಗಿಸುವ ಅಗತ್ಯವೇ ಇರುವುದಿಲ್ಲ!

ಇನ್ನೊಂದು ತೊಡಕು ಎಚ್‌ಎಸ್‌ಟಿಎಸ್ ಎಂಬ ನಿಯಮದ್ದು. ಇದು 2012ರ ನವೆಂಬರ್‌ನಲ್ಲಿ ಇಂಟರ್ನೆಟ್‌ನ ಮಾನದಂಡವಾಗಿ ಪ್ರಕಟವಾಯಿತು. ‘ಇನ್ನು ಇಷ್ಟು ದಿನ ನನ್ನ ಹತ್ತಿರ ಎಚ್‌ಟಿಟಿಪಿಎಸ್‌ನಲ್ಲೇ ಬಾ’ ಎಂದು ಸೈಟ್ ಒಮ್ಮೆ ಹೇಳಿದರೆ ಬ್ರೌಸರ್ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಈ ಅವಧಿ ಒಂದು ವರ್ಷವೂ ಇರಬಹುದು. ಅಂಥ ಸೈಟ್ ನಂತರ ಎಚ್‌ಟಿಟಿಪಿಗೆ ತಿರುಗಿಸಿದರೆ ಏನಾಗುತ್ತದೆ? ಸರ್ವರ್ ಆ ಕಡೆ ಕಳಿಸುತ್ತದೆ, ಬ್ರೌಸರ್ ತಾನೇ ಈ ಕಡೆಗೆ ಮರಳುತ್ತದೆ. ಹತ್ತಿಪ್ಪತ್ತು ಸಲ ಹೀಗೆ ಅಲೆದು ಕೊನೆಗೆ ‘ತುಂಬಾ ಸಲ ರೀಡೈರೆಕ್ಟ್ ಆಗಿದೆ’ ಎಂದು ಕೈಚೆಲ್ಲುತ್ತದೆ.

ತಿರುಗಿಸುವುದು ಯಶಸ್ವಿಯಾದರೆ?

ಆಗ ಕಷ್ಟ ಬೇರೆ ರೀತಿಯದ್ದು. ಅರ್ಜಿ ತುಂಬಿ ‘ಸಲ್ಲಿಸು’ ಒತ್ತಿದ ಮೇಲೆ ರೀಡೈರೆಕ್ಟ್ ಆದರೆ, ಸಾಮಾನ್ಯವಾಗಿ ಬಳಸುವ 301, 302 ಸಂಖ್ಯೆಯ ರೀಡೈರೆಕ್ಟ್‌ಗಳಲ್ಲಿ ಬ್ರೌಸರ್ ನೀವು ತುಂಬಿದ್ದನ್ನು ಅಲ್ಲೇ ಬಿಟ್ಟು ಖಾಲಿ ಕೈಯಲ್ಲಿ ಮುಂದೆ ಹೋಗುತ್ತದೆ. ಅರ್ಜಿ ಮಾಯ. 307, 308 ಬಳಸಿದರೆ ಮಾಹಿತಿಯನ್ನು ಮತ್ತೆ ಕಳಿಸಬೇಕಾಗುತ್ತದೆ, ಈ ಬಾರಿ ಮುದ್ರೆಯಿಲ್ಲದ ಅಂಚೆ ಕಾರ್ಡಿನಲ್ಲಿ. ‘ಸುರಕ್ಷಿತ ಸಂಪರ್ಕದಲ್ಲಿ ಮಾತ್ರ’ ಎಂದು ಗುರುತು ಹಾಕಿದ ಲಾಗಿನ್ ಕುಕಿಗಳು ಎಚ್‌ಟಿಟಿಪಿ ಪುಟಕ್ಕೆ ಹೋಗುವುದಿಲ್ಲ. ಹಾಗಾಗಿ ಲಾಗಿನ್ ಆದವರು ಹೊರಗೆ ಬೀಳುತ್ತಾರೆ. ಜೊತೆಗೆ 301 ಎಂದರೆ ‘ಶಾಶ್ವತ ವಿಳಾಸ ಬದಲಾವಣೆ’. ಬ್ರೌಸರ್ ಅದನ್ನು ನೆನಪಿಟ್ಟುಕೊಳ್ಳುವುದರಿಂದ ನೀವು ನಾಳೆ ತಪ್ಪು ತಿದ್ದಿದರೂ ಹಳಬರು ಅಸುರಕ್ಷಿತ ಪುಟಕ್ಕೇ ಹೋಗುತ್ತಿರಬಹುದು.

ಬೆಂಗಳೂರಿನಲ್ಲೇ ನಡೆದದ್ದು

‘ನಡುದಾರಿಯಲ್ಲಿ ಯಾರು ಕೈ ಹಾಕುತ್ತಾರೆ ಬಿಡಿ’ ಎನ್ನುವವರಿಗೆ 2015ರ ಜೂನ್ ತಿಂಗಳ ಒಂದು ಘಟನೆ ನೆನಪಿಸಬೇಕು. ಬೆಂಗಳೂರಿನ ಪ್ರೋಗ್ರಾಮರ್ ತೇಜೇಶ್ ಜಿ.ಎನ್. ಅವರು ಏರ್‌ಟೆಲ್ 3ಜಿ ಸಂಪರ್ಕದಲ್ಲಿ ತಮ್ಮದೇ ವೆಬ್‌ಸೈಟ್ ತೆರೆದಾಗ, ತಾವು ಬರೆಯದ ಕೋಡ್ ಪುಟದೊಳಗೆ ಬಂದು ಕೂತಿರುವುದನ್ನು ಗಮನಿಸಿದರು. ಪುಟ ಅವರ ಸರ್ವರ್‌ನಿಂದ ಹೊರಡುವಾಗ ಆ ಕೋಡ್ ಇರಲಿಲ್ಲ. ಫೋನ್ ತಲುಪುವಷ್ಟರಲ್ಲಿ ಸೇರಿಕೊಂಡಿತ್ತು. ಅವರು ಅದರ ವಿವರಗಳನ್ನು ಗಿಟ್‌ಹಬ್‌ನಲ್ಲಿ ಹಾಕಿದರು.

ಆ ಕೋಡ್ ಇಸ್ರೇಲ್‌ನ ಫ್ಲ್ಯಾಶ್ ನೆಟ್‌ವರ್ಕ್ಸ್ ಕಂಪನಿಯದ್ದಾಗಿತ್ತು. ಕೋಡ್ ಪ್ರಕಟಿಸಿದ್ದಕ್ಕೆ ಕಂಪನಿಯ ಪರವಾಗಿ ತೇಜೇಶ್ ಅವರಿಗೇ ವಕೀಲರ ನೋಟಿಸ್ ಬಂತು. ಗಿಟ್‌ಹಬ್‌ನಿಂದಲೂ ಅದನ್ನು ತೆಗೆಸಲಾಯಿತು. ಗ್ರಾಹಕರು ಎಷ್ಟು ಎಂಬಿ ಡೇಟಾ ಬಳಸಿದ್ದಾರೆಂದು ತಿಳಿಸಲು ಟೆಲಿಕಾಂ ಕಂಪನಿಗಳು ಜಗತ್ತಿನಾದ್ಯಂತ ಬಳಸುವ ವ್ಯವಸ್ಥೆ ಇದು, ನೋಟಿಸ್‌ಗೂ ತನಗೂ ಸಂಬಂಧವಿಲ್ಲ ಎಂದು ಏರ್‌ಟೆಲ್ ಹೇಳಿತು.

ಉದ್ದೇಶ ಏನೇ ಇರಲಿ, ಇಲ್ಲಿರುವ ಪಾಠ ಒಂದೇ. ಎಚ್‌ಟಿಟಿಪಿ ಪುಟವಾದರೆ ನಡುವಿನವರು ಅದರೊಳಗೆ ಏನು ಬೇಕಾದರೂ ಸೇರಿಸಬಹುದು. ಒಬ್ಬರು ಡೇಟಾ ಲೆಕ್ಕದ ಕೋಡ್ ಸೇರಿಸಿದರೆ, ಇನ್ನೊಬ್ಬರು ಜಾಹೀರಾತು ತುರುಕಬಹುದು, ಮತ್ತೊಬ್ಬರು ಪಾಸ್‌ವರ್ಡ್ ಕೇಳುವ ನಕಲಿ ಪೆಟ್ಟಿಗೆಯನ್ನೇ ಇಡಬಹುದು. ಸರಿಯಾಗಿ ನಡೆಯುತ್ತಿರುವ ಎಚ್‌ಟಿಟಿಪಿಎಸ್ ಪುಟದಲ್ಲಿ ಹೀಗೆ ನಡುದಾರಿಯಲ್ಲಿ ಕೈ ಹಾಕಲಾಗದು.

ಕಳ್ಳರಿಗೂ ಈ ಉಲ್ಟಾ ದಾರಿ ಇಷ್ಟ. 2009ರ ಫೆಬ್ರುವರಿಯಲ್ಲಿ ಅಮೆರಿಕದ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ಮಾಕ್ಸಿ ಮಾರ್ಲಿನ್‌ಸ್ಪೈಕ್ ಎಂಬ ಭದ್ರತಾ ಸಂಶೋಧಕ ‘ಎಸ್‌ಎಸ್‌ಎಲ್ ಸ್ಟ್ರಿಪ್’ ಎಂಬ ಸಾಧನ ತೋರಿಸಿದರು. ಅದು ವೈಫೈ ಜಾಲದ ನಡುವೆ ಕೂತು, ಬಳಕೆದಾರರನ್ನು ಸುರಕ್ಷಿತ ಪುಟಕ್ಕೆ ಹೋಗಗೊಡದೆ ಎಚ್‌ಟಿಟಿಪಿಯಲ್ಲೇ ಉಳಿಸುತ್ತಿತ್ತು. ಎಚ್‌ಎಸ್‌ಟಿಎಸ್ ತಡೆಯುವುದು ಇಂಥ ದಾಳಿಗಳನ್ನೇ. ಮುಂದೆ ಇದೇ ವ್ಯಕ್ತಿ ಸಿಗ್ನಲ್ ಆ್ಯಪ್ ಕಟ್ಟಿದರು. ನಿಮ್ಮ ವಾಟ್ಸಪ್ ಸಂದೇಶಗಳನ್ನು ಕಾಯುವುದೂ ಸಿಗ್ನಲ್‌ನ ತಂತ್ರವೇ. ದಾಳಿಕೋರರು ಕಷ್ಟಪಟ್ಟು ಮಾಡಬೇಕಾದ ಕೆಲಸವನ್ನು ಸೈಟ್‌ನವರೇ ಸರ್ವರ್‌ನಲ್ಲಿ ಬರೆದಿಟ್ಟರೆ ಅವರಿಗೆ ಇನ್ನೇನು ಬೇಕು?

ಹಿಂದೆ ದೊಡ್ಡ ಸೈಟ್‌ಗಳೂ ಹೀಗೇ ಮಾಡುತ್ತಿದ್ದವಲ್ಲ?

ಹೌದು. ಆಗ ಲಾಗಿನ್ ಪುಟಕ್ಕೆ ಮಾತ್ರ ಎಚ್‌ಟಿಟಿಪಿಎಸ್ ಇಟ್ಟು, ಆಮೇಲೆ ಎಚ್‌ಟಿಟಿಪಿಗೆ ಬಿಡುವುದು ರೂಢಿಯಾಗಿತ್ತು. ಕಂಪ್ಯೂಟರ್‌ಗಳು ನಿಧಾನ, ಸರ್ಟಿಫಿಕೇಟ್‌ಗಳು ದುಬಾರಿ ಎಂಬುದು ಅದಕ್ಕೆ ಕಾರಣ. 2010ರ ಅಕ್ಟೋಬರ್‌ನಲ್ಲಿ ಬಂದ ‘ಫೈರ್‌ಶೀಪ್’ ಎಂಬ ಫೈರ್‌ಫಾಕ್ಸ್ ಆ್ಯಡ್‌ಆನ್, ಒಂದೇ ತೆರೆದ ವೈಫೈನಲ್ಲಿರುವ ಬೇರೆಯವರ ಖಾತೆಗಳಿಗೆ ಒಂದು ಕ್ಲಿಕ್‌ನಲ್ಲಿ ನುಗ್ಗಬಹುದೆಂದು ತೋರಿಸಿತು. ಪಾಸ್‌ವರ್ಡ್ ಬೇಕಿರಲಿಲ್ಲ, ಎಚ್‌ಟಿಟಿಪಿಯಲ್ಲಿ ಬಯಲಾಗಿ ಓಡಾಡುವ ಲಾಗಿನ್ ಕುಕಿ ಸಿಕ್ಕರೆ ಸಾಕಿತ್ತು. ಜಿಮೇಲ್ ಅದೇ ವರ್ಷದ ಜನವರಿಯಲ್ಲಿ ಎಲ್ಲರಿಗೂ ಎಚ್‌ಟಿಟಿಪಿಎಸ್ ಮಾಡಿತ್ತು. ಫೇಸ್‌ಬುಕ್ 2013ರ ಹೊತ್ತಿಗೆ ಆ ಕೆಲಸ ಮುಗಿಸಿತು. 2018ರ ಜುಲೈನಿಂದ ಕ್ರೋಮ್ ಬ್ರೌಸರ್ ಎಲ್ಲ ಎಚ್‌ಟಿಟಿಪಿ ಪುಟಗಳಿಗೂ ‘ಸುರಕ್ಷಿತವಲ್ಲ’ ಎಂಬ ಗುರುತು ಹಾಕತೊಡಗಿತು. ಅಂದರೆ ಇಂದು ಎಚ್‌ಟಿಟಿಪಿಗೆ ತಿರುಗಿಸಿದರೆ ಒಂದು ಎಚ್ಚರಿಕೆಯ ಬದಲು ಇನ್ನೊಂದು ಕಾಣುತ್ತದೆ, ಅಷ್ಟೇ.

ತಪ್ಪು ಕಲ್ಪನೆ ಮತ್ತು ವಾಸ್ತವ

*‘ಸರ್ಟಿಫಿಕೇಟ್‌ಗೆ ತುಂಬಾ ದುಡ್ಡು ಬೇಕು.’* 2015ರ ಡಿಸೆಂಬರ್‌ನಿಂದ ‘ಲೆಟ್ಸ್ ಎನ್‌ಕ್ರಿಪ್ಟ್’ ಸಂಸ್ಥೆ ಎಲ್ಲರಿಗೂ ಉಚಿತವಾಗಿ ಸರ್ಟಿಫಿಕೇಟ್ ಕೊಡುತ್ತಿದೆ. ಅವಧಿ ಕಡಿಮೆ, ಸಾಮಾನ್ಯವಾಗಿ 90 ದಿನ. ಆದರೆ ತಾನಾಗಿಯೇ ನವೀಕರಣವಾಗುವಂತೆ ಸರ್ವರ್‌ನಲ್ಲಿ ಒಮ್ಮೆ ಹೊಂದಿಸಿದರೆ ಸಾಕು.

*‘ಎಚ್‌ಟಿಟಿಪಿಯೇ ವೇಗ.’* ಪುಟಗಳನ್ನು ಚುರುಕಾಗಿ ತರುವ ಎಚ್‌ಟಿಟಿಪಿ/2 ವಿಧಾನವನ್ನು ಪ್ರಮುಖ ಬ್ರೌಸರ್‌ಗಳು ಸುರಕ್ಷಿತ ಸಂಪರ್ಕದಲ್ಲಿ ಮಾತ್ರ ಬಳಸುತ್ತವೆ. ಹಾಗಾಗಿ ಎಚ್‌ಟಿಟಿಪಿಯಿಂದ ವೇಗ ಹೆಚ್ಚುತ್ತದೆ ಎನ್ನಲಾಗದು.

*‘ನಮ್ಮ ಸೈಟ್‌ನಲ್ಲಿ ಗುಟ್ಟೇನೂ ಇಲ್ಲ.’* ಪ್ರಶ್ನೆ ಗುಟ್ಟಿನದ್ದಷ್ಟೇ ಅಲ್ಲ. ನಿಮ್ಮ ಪುಟದಲ್ಲಿರುವ ಫೋನ್ ನಂಬರ್ ಅಥವಾ ಬ್ಯಾಂಕ್ ಖಾತೆ ಸಂಖ್ಯೆಯನ್ನು ನಡುದಾರಿಯಲ್ಲಿ ಯಾರಾದರೂ ಬದಲಿಸಿದರೆ, ಗ್ರಾಹಕರ ಹಣ ಹೋಗುವುದು ಬೇರೆಯವರ ಖಾತೆಗೆ.

*‘ಬೀಗದ ಗುರುತು ಇದ್ದರೆ ಸೈಟ್ ಅಸಲಿ.’* ಇದು ಫಾರ್ವರ್ಡ್‌ಗಳಲ್ಲಿ ಹೆಚ್ಚು ಓಡಾಡುವ ತಪ್ಪು. ಲಕೋಟೆಗೆ ಮುದ್ರೆ ಇದೆ ಎಂದಮಾತ್ರಕ್ಕೆ ಕಾಗದ ಬರೆದವರು ಒಳ್ಳೆಯವರು ಎಂದೇನೂ ಅಲ್ಲ. ಮೋಸದ ಸೈಟ್‌ಗಳಿಗೂ ಉಚಿತ ಸರ್ಟಿಫಿಕೇಟ್ ಸಿಗುತ್ತದೆ. ಜನ ಹೀಗೆ ತಪ್ಪು ತಿಳಿಯುತ್ತಾರೆಂದೇ ಕ್ರೋಮ್ 2023ರ ಸೆಪ್ಟೆಂಬರ್‌ನಲ್ಲಿ ಬೀಗದ ಚಿತ್ರ ತೆಗೆದು ಬೇರೆ ಗುರುತು ಇಟ್ಟಿತು. ಎಚ್‌ಟಿಟಿಪಿಎಸ್ ಇಲ್ಲದಿದ್ದರೆ ಮಾಹಿತಿ ಕೊಡಬಾರದು ನಿಜ. ಆದರೆ ಇದ್ದರೂ ಸೈಟ್‌ನ ಹೆಸರನ್ನು ಅಕ್ಷರ ಅಕ್ಷರ ಓದಬೇಕು.

ಸೈಟ್ ನಡೆಸುವವರು ಏನು ಮಾಡಬೇಕು?

ಎಚ್ಚರಿಕೆ ಬಂದರೆ ಮೊದಲು ಕಾರಣ ಹುಡುಕಿ. ಸರ್ಟಿಫಿಕೇಟ್ ಅವಧಿ ಮುಗಿದಿದೆಯೇ? ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಇರುವ ಮತ್ತು ಇಲ್ಲದ ಎರಡೂ ಹೆಸರುಗಳು ಅದರಲ್ಲಿವೆಯೇ? ಹೆಚ್ಚಿನ ತೊಂದರೆ ಇಲ್ಲೇ ಸಿಗುತ್ತದೆ. ಪುಟ ಎಚ್‌ಟಿಟಿಪಿಎಸ್ ಆಗಿದ್ದೂ ಚಿತ್ರಗಳು ಕಾಣದಿದ್ದರೆ, ಅವುಗಳ ವಿಳಾಸ ಇನ್ನೂ ಎಚ್‌ಟಿಟಿಪಿಯಲ್ಲಿರಬಹುದು. ಆ ವಿಳಾಸಗಳನ್ನು ತಿದ್ದಿ, ಇಡೀ ಸೈಟನ್ನು ಕೆಳಗಿಳಿಸಬೇಡಿ. ಸರ್ವರ್‌ನಲ್ಲಿ ಇರಬೇಕಾದ ರೀಡೈರೆಕ್ಟ್ ಒಂದೇ: 80ರಿಂದ 443ಕ್ಕೆ.

ನೀವು ಏನು ಮಾಡಬಹುದು?

* ಎಚ್ಚರಿಕೆ ಹಲವು ಸೈಟ್‌ಗಳಲ್ಲಿ ಒಟ್ಟಿಗೆ ಬಂದರೆ ಫೋನಿನ ದಿನಾಂಕ, ಸಮಯ ಸರಿಯಿದೆಯೇ ನೋಡಿ. ತಪ್ಪಿದ್ದರೆ ಒಳ್ಳೆಯ ಸರ್ಟಿಫಿಕೇಟ್ ಕೂಡ ಅವಧಿ ಮೀರಿದಂತೆ ಕಾಣುತ್ತದೆ. ತೀರಾ ಹಳೆಯ ಆಂಡ್ರಾಯ್ಡ್ ಫೋನ್‌ಗಳು ಹೊಸ ಸರ್ಟಿಫಿಕೇಟ್‌ಗಳನ್ನು ಗುರುತಿಸದೆಯೂ ಇರಬಹುದು.
* ಹೋಟೆಲ್, ಆಸ್ಪತ್ರೆ, ನಿಲ್ದಾಣಗಳ ಉಚಿತ ವೈಫೈಗೆ ಸೇರಿದ ಕೂಡಲೇ ಎಚ್ಚರಿಕೆ ಬಂದರೆ, ಆ ವೈಫೈನ ಲಾಗಿನ್ ಪುಟ ನಡುವೆ ಬರಲು ನೋಡುತ್ತಿರಬಹುದು. ‘ಪರವಾಗಿಲ್ಲ, ಮುಂದೆ ಹೋಗು’ ಎಂದು ಒತ್ತಬೇಡಿ. ವೈಫೈ ಸೆಟ್ಟಿಂಗ್‌ನಿಂದ ಲಾಗಿನ್ ಆಗಿ, ಇಲ್ಲವೇ ಮೊಬೈಲ್ ಡೇಟಾ ಬಳಸಿ.
* ‘ಸುರಕ್ಷಿತವಲ್ಲ’ ಎಂದು ತೋರಿಸುವ ಪುಟದಲ್ಲಿ ಆಧಾರ್, ಒಟಿಪಿ, ಪಾಸ್‌ವರ್ಡ್, ಬ್ಯಾಂಕ್ ವಿವರ ತುಂಬಬೇಡಿ. ಕೆಲಸದ ಅರ್ಜಿಯಾದರೆ ಕಂಪನಿಗೆ ಫೋನ್ ಮಾಡಿ, ಸೈಟ್ ಸರಿಪಡಿಸಲು ಹೇಳಿ, ಅಥವಾ ಅರ್ಜಿಯನ್ನು ಖುದ್ದಾಗಿ ಕೊಡಿ.
* ಗುಂಪಿಗೆ ಕೆಲಸದ ಅಥವಾ ಯೋಜನೆಯ ಲಿಂಕ್ ಕಳಿಸುವ ಮೊದಲು ನೀವೇ ಒಮ್ಮೆ ತೆರೆದು ನೋಡಿ. ವಿಳಾಸ ಎಚ್‌ಟಿಟಿಪಿ ಎಂದೇ ಉಳಿದಿದ್ದರೆ, ಅಲ್ಲಿ ವೈಯಕ್ತಿಕ ಮಾಹಿತಿ ಕೇಳುತ್ತಿದ್ದರೆ, ಫಾರ್ವರ್ಡ್ ಮಾಡಬೇಡಿ. ನಿಮ್ಮನ್ನು ನಂಬಿ ಲಿಂಕ್ ಒತ್ತುವವರು ನಿಮ್ಮ ಮನೆಯವರೇ, ಗೆಳೆಯರೇ ಆಗಿರುತ್ತಾರೆ.