ಕಟಿಂಗ್ ಶಾಪು, ಹಲಗಿ ಮತ್ತು ಐದು ಆಲ್ಬಮ್‌ಗಳು

ಪಂಕ್ ರಾಕ್ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಕೂದಲು. ಹುಂಜದ ಜುಟ್ಟಿನ ಹಾಗೆ ನೆಟ್ಟಗೆ ನಿಲ್ಲಿಸಿ, ಕೆಂಪೋ ಹಸಿರೋ ಬಣ್ಣ ಬಳಿದ ಕೂದಲು. ಇಂಜಿನಿಯರಿಂಗ್ ಹಾಸ್ಟೆಲ್ಲಿನ ಗೋಡೆಯ ಮೇಲೆ ಅಂಥದೊಂದು ಪೋಸ್ಟರ್ ನೋಡಿ, "ಇವರಪ್ಪ ಅವ್ವ ಏನೂ ಅನ್ನಂಗಿಲ್ಲೇನಲೇ ಇವಂಗ?" ಅಂತ ರೂಮ್‌ಮೇಟನ್ನ ಕೇಳಿದ್ದೆ. ಯಲಬುರ್ಗಾ ತಾಲೂಕಿನ ಹಳ್ಳಿಯಿಂದ ಹೋದವನಿಗೆ ಅದಕ್ಕಿಂತ ಹೆಚ್ಚಿನ ಪ್ರಶ್ನೆ ಹೊಳೆದಿರಲಿಲ್ಲ.

ಹಾಡು ಕೇಳಿದ್ದು ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ. ಒಂದು ರಾತ್ರಿ ರಿಲೀಸ್ ಮುಗಿಸಿ ಆಫೀಸ್ ಕ್ಯಾಬಿನಲ್ಲಿ ಬರುವಾಗ ಪಕ್ಕದಲ್ಲಿದ್ದ ಗೆಳೆಯ ತನ್ನ ಇಯರ್‌ಫೋನ್ ಒಂದನ್ನು ನನ್ನ ಕಿವಿಗೆ ಸಿಕ್ಕಿಸಿದ. ಎರಡೇ ನಿಮಿಷದ ಹಾಡು. ಮುಗಿದ ಕೂಡಲೇ ನನ್ನ ಬಾಯಿಂದ ಬಂದದ್ದು: "ಹಲಗಿ ಬಡಿದಂಗ ಐತಲ್ಲೋ ಇದು!"

"ಹಲಗಿ ಅಂದ್ರೆ?" ಅಂದ ಅವನು.

"ನಮ್ಮೂರ ಜಾತ್ರೇಲಿ ಬಡೀತಾರ. ಚರ್ಮದ ವಾದ್ಯ."

"ಯಾರು ಬಡೀತಾರೆ?"

ನಾನು ಮಾತು ಬದಲಿಸಿದೆ. ಈ ಬರಹ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ. ಉತ್ತರದ ಜೊತೆ, ನೀವೂ ಕೇಳಲೇಬೇಕು ಅನ್ನಿಸುವ ಐದು ಆಲ್ಬಮ್‌ಗಳ ಕಥೆಯೂ ಇದೆ.

ಕ್ಯಾಬಿನಲ್ಲಿ ಕೇಳಿದ ಹಾಡು 'ರಮೋನ್ಸ್' ಆಲ್ಬಮ್ಮಿನದು. ಬ್ಯಾಂಡಿನ ಹೆಸರೂ ಅದೇ. 1976ರ ಏಪ್ರಿಲ್‌ನಲ್ಲಿ ಬಂತು. 14 ಹಾಡು ಸೇರಿ ಅರ್ಧ ಗಂಟೆಯೂ ಆಗುವುದಿಲ್ಲ. ದೊಡ್ಡ ರಾಕ್ ಬ್ಯಾಂಡುಗಳು ಒಂದು ಆಲ್ಬಮ್ಮಿಗೆ ತಿಂಗಳುಗಟ್ಟಲೆ ಸ್ಟುಡಿಯೋದಲ್ಲಿ ಕೂತಿರುತ್ತಿದ್ದ ಕಾಲ ಅದು. ನ್ಯೂಯಾರ್ಕಿನ ಕ್ವೀನ್ಸ್ ಬಡಾವಣೆಯ ಈ ನಾಲ್ವರು ಸುಮಾರು ಒಂದು ವಾರದಲ್ಲಿ, 6,400 ಡಾಲರಿನಲ್ಲಿ ಕೆಲಸ ಮುಗಿಸಿದರು. ಉದ್ದದ ಗಿಟಾರ್ ಸೋಲೋ ಇಲ್ಲ, ಆಲಾಪ ಇಲ್ಲ. ಶುರುವಾದ ವೇಗದಲ್ಲೇ ಮುಗಿಯುತ್ತದೆ. ಗಿಟಾರಿನಲ್ಲಿ ಮೂರು ಪಟ್ಟು ಹಿಡಿಯಲು ಬಂದರೆ ನೀನೂ ಬ್ಯಾಂಡ್ ಕಟ್ಟಬಹುದು ಅನ್ನುವ ಧೈರ್ಯ ಹುಟ್ಟಿಸಿದ್ದು ಇದು. ಲಂಡನ್ನಿನಲ್ಲಿ ಮಾರ್ಕ್ ಪೆರಿ ಅನ್ನುವ ಬ್ಯಾಂಕ್ ಕ್ಲರ್ಕ್ ಅದೇ ವರ್ಷ 'ಸ್ನಿಫಿನ್ ಗ್ಲೂ' ಅಂತ ಒಂದು ಪತ್ರಿಕೆ ಶುರು ಮಾಡಿದ. ತಾನೇ ಬರೆದು, ತಾನೇ ಜೆರಾಕ್ಸ್ ಮಾಡಿಸಿ, ಪಿನ್ ಹೊಡೆದು ಮಾರಿದ.

ಇದೇ ವರ್ಷಗಳಲ್ಲಿ ನಮ್ಮ ರಾಜ್ಯದಲ್ಲಿ ಏನಾಗುತ್ತಿತ್ತು? 1973ರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದದ್ದಕ್ಕೆ ಗಲಾಟೆಯೆದ್ದು, ಅವರು ರಾಜೀನಾಮೆ ಕೊಡಬೇಕಾಯಿತು. ಆ ಬೆಂಕಿಯಿಂದ ದಲಿತ ಸಂಘರ್ಷ ಸಮಿತಿ ಬೆಳೆಯಿತು, 'ಪಂಚಮ' ಪತ್ರಿಕೆ ಬಂತು. 1975ರಲ್ಲಿ ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಅದೇ ವರ್ಷ 'ಸಮುದಾಯ' ಹುಟ್ಟಿ ಬೀದಿಗಳಲ್ಲಿ ನಾಟಕ, ಹಾಡು ಹಬ್ಬಿದವು. ಆ ಹಾಡುಗಳು ಮೆರವಣಿಗೆಯಲ್ಲಿ, ಧರಣಿಯಲ್ಲಿ ಬಾಯಿಂದ ಬಾಯಿಗೆ ಹೋದವು.

ನ್ಯೂಯಾರ್ಕಿನವರಿಗೆ ಇವರ ಸುದ್ದಿ ಗೊತ್ತಿರಲಿಲ್ಲ, ಇವರಿಗೆ ಅವರದು ಬೇಕಿರಲಿಲ್ಲ. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಕೆಲಸವಿಲ್ಲದ ಹುಡುಗರ ಬೇಸರವಿತ್ತು, ಇಲ್ಲಿ ಸಾವಿರಾರು ವರ್ಷದ ಲೆಕ್ಕವಿತ್ತು. ಆದರೆ "ನಿಮಗ ಹಾಡಾಕ ಬರಂಗಿಲ್ಲ, ಸುಮ್ನಿರ್ರಿ" ಅನ್ನಿಸಿಕೊಂಡವರು ಅಪ್ಪಣೆ ಕೇಳದೆ ಹಾಡಿದ್ದು ಎರಡೂ ಕಡೆ ನಿಜ.

ಎರಡನೇ ಆಲ್ಬಮ್, ಎಕ್ಸ್-ರೇ ಸ್ಪೆಕ್ಸ್ ಬ್ಯಾಂಡಿನ 'ಜರ್ಮ್‌ಫ್ರೀ ಅಡೋಲೆಸೆಂಟ್ಸ್' (1978). ಹಾಡಿದವಳು ಪಾಲಿ ಸ್ಟೈರೀನ್. ಅಪ್ಪ ಸೊಮಾಲಿಯಾದವನು, ಅವ್ವ ಬ್ರಿಟಿಷ್. ಹಲ್ಲಿಗೆ ಕ್ಲಿಪ್ ಹಾಕಿಕೊಂಡೇ ವೇದಿಕೆ ಹತ್ತಿದ ಹುಡುಗಿ. ಪ್ಲಾಸ್ಟಿಕ್ಕು, ಜಾಹೀರಾತು, ಸೂಪರ್ ಮಾರ್ಕೆಟ್ಟು ಇವಳ ಹಾಡಿನ ವಸ್ತು. ಶನಿವಾರ ಮಾಲ್‌ನಲ್ಲಿ ಕಾಲ ಕಳೆಯುವ ನಮ್ಮಂಥವರಿಗೆ ಚುರುಕ್ ಅನ್ನುತ್ತದೆ. ಗಿಟಾರಿನ ಮೇಲೆ ಸ್ಯಾಕ್ಸೊಫೋನ್ ಕೂಗುವುದು ಕೇಳಿದರೆ ನನಗೆ ಜಾತ್ರೆಯ ಪೀಪಿ ನೆನಪಾಗುತ್ತದೆ.

ಮೂರನೆಯದು 'ಲಂಡನ್ ಕಾಲಿಂಗ್' (1979), ಬ್ಯಾಂಡು ದಿ ಕ್ಲ್ಯಾಶ್. ಐದರಲ್ಲಿ ಒಂದನ್ನೇ ಕೇಳುವೆ ಅಂದರೆ ಇದನ್ನು ಕೇಳಿ. ಎರಡು ರೆಕಾರ್ಡಿನಷ್ಟು ಹಾಡು, 19, ಒಂದರ ಬೆಲೆಗೇ ಮಾರಬೇಕು ಅಂತ ಕಂಪನಿ ಜೊತೆ ಹಟ ಹಿಡಿದು ಮಾರಿಸಿದರು. ಜಮೈಕಾದಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ್ದ ನೆರೆಹೊರೆಯವರ ರೆಗ್ಗೆ ಸಂಗೀತವನ್ನು ಇವರು ಮನಸ್ಸಿಟ್ಟು ಕಲಿತರು. ವಲಸಿಗರ ಮೇಲೆ ದ್ವೇಷ ಕಾರುತ್ತಿದ್ದ ನ್ಯಾಷನಲ್ ಫ್ರಂಟ್ ವಿರುದ್ಧ 1978ರ ಏಪ್ರಿಲ್ 30ರಂದು ವಿಕ್ಟೋರಿಯಾ ಪಾರ್ಕಿನಲ್ಲಿ ದೊಡ್ಡ ಸಂಗೀತ ಸಭೆ ನಡೆಯಿತು. ಕ್ಲ್ಯಾಶ್ ಮತ್ತು ಪಾಲಿಯ ಬ್ಯಾಂಡು ಎರಡೂ ಅಲ್ಲಿ ನುಡಿಸಿದವು. ಬಿಳಿ ಹುಡುಗರು ತಮ್ಮವರ ವಿರುದ್ಧವೇ ನಿಂತು ಹಾಡಿದ್ದರು. ಇದನ್ನು ಓದಿದಾಗ ನನಗೆ ಸ್ವಲ್ಪ ಕಸಿವಿಸಿ ಆಯಿತು. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಅಮೆರಿಕದಲ್ಲಿ ಪಂಕ್ ಇನ್ನಷ್ಟು ಜೋರಾಗಿ, ಇನ್ನಷ್ಟು ಚಿಕ್ಕದಾಗಿ ಹಾರ್ಡ್‌ಕೋರ್ ಆಯಿತು. ನಾಲ್ಕನೇ ಆಲ್ಬಮ್ ಅಲ್ಲಿಂದ: 'ಬ್ಯಾಡ್ ಬ್ರೇನ್ಸ್' (1982). ವಾಷಿಂಗ್ಟನ್ನಿನ ನಾಲ್ವರು ಕಪ್ಪು ಸಂಗೀತಗಾರರು. ಮೊದಲು ಜಾಝ್ ನುಡಿಸುತ್ತಿದ್ದವರು, ಹಾಗಾಗಿ ಕೈ ಪಳಗಿತ್ತು. ಆ ವೇಗದಲ್ಲೂ ಒಂದು ಪೆಟ್ಟು ಆಚೀಚೆ ಆಗುವುದಿಲ್ಲ. ನಡುವೆ ದಿಢೀರನೆ ನಿಧಾನದ ರೆಗ್ಗೆ ಬರುತ್ತದೆ, ಉಸಿರು ತಗೊಳ್ಳೋಕೆ ಕೊಟ್ಟ ಹಾಗೆ.

ಈ ಆಲ್ಬಮ್ ಮೊದಲು ಬಂದದ್ದು ಕ್ಯಾಸೆಟ್ಟಿನಲ್ಲಿ ಮಾತ್ರ. ಅದು ಓದಿ ನನಗೆ ಗಂಗಾವತಿಯ ಕ್ಯಾಸೆಟ್ ಅಂಗಡಿಗಳು ಕಣ್ಣ ಮುಂದೆ ಬಂದವು. ಚೀಟಿಯಲ್ಲಿ ಹಾಡಿನ ಹೆಸರು ಬರೆದುಕೊಟ್ಟರೆ 60 ನಿಮಿಷದ ಖಾಲಿ ಕ್ಯಾಸೆಟ್ಟಿಗೆ ತುಂಬಿ, ಎರಡು ದಿನ ಬಿಟ್ಟು ಕೊಡುತ್ತಿದ್ದರು. ತತ್ವಪದ, ಬಯಲಾಟ, ಗಂಗಾವತಿ ಪ್ರಾಣೇಶರ ಹಾಸ್ಯ ಹೀಗೆಯೇ ಕುಷ್ಟಗಿ, ಯಲಬುರ್ಗಾದ ಟ್ರ್ಯಾಕ್ಟರ್, ಟೆಂಪೋಗಳಿಗೆ ಹತ್ತಿದ್ದು. ರೆಕಾರ್ಡಿನ ಯಂತ್ರ ದೊಡ್ಡ ಕಂಪನಿಯ ಕೈಯಲ್ಲಿತ್ತು, ಕ್ಯಾಸೆಟ್ಟು ಯಾರ ಕೈಗಾದರೂ ಸಿಗುತ್ತಿತ್ತು. ಆದರೂ ನಾನು ನೋಡಿದ ಅಂಗಡಿಯ ಯಾವ ಕಪಾಟಿನಲ್ಲೂ ಹಲಗಿಯ ಕ್ಯಾಸೆಟ್ ಇರಲಿಲ್ಲ.

ಐದನೆಯದು ಮೈನರ್ ಥ್ರೆಟ್ ಬ್ಯಾಂಡಿನ 'ಕಂಪ್ಲೀಟ್ ಡಿಸ್ಕಾಗ್ರಫಿ'. 1989ರಲ್ಲಿ ಅವರ ಎಲ್ಲ ಹಾಡು ಒಟ್ಟುಮಾಡಿ ತಂದದ್ದು. ಇಯಾನ್ ಮೆಕಾಯ್ ಮತ್ತು ಜೆಫ್ ನೆಲ್ಸನ್ ಹೈಸ್ಕೂಲ್ ಮುಗಿಸಿದ ಹೊಸದರಲ್ಲಿ, 1980ರಲ್ಲಿ, ಡಿಸ್ಕಾರ್ಡ್ ಅನ್ನುವ ಸ್ವಂತ ಲೇಬಲ್ ಶುರು ಮಾಡಿದರು. ರೆಕಾರ್ಡಿನ ರಟ್ಟಿನ ಕವರನ್ನು ತಾವೇ ಕತ್ತರಿಸಿ, ಮಡಚಿ, ಅಂಟು ಹಚ್ಚಿದರು. ಮೆಕಾಯ್ ಆಮೇಲೆ ಕಟ್ಟಿದ ಫುಗಾಝಿ ಬ್ಯಾಂಡು ಎಷ್ಟು ಹೆಸರು ಮಾಡಿದರೂ ಟಿಕೆಟ್ ಬೆಲೆಯನ್ನು 5 ಡಾಲರಿನ ಆಸುಪಾಸಿನಲ್ಲೇ ಇಟ್ಟಿತು. ಸ್ಟಾರ್ಟಪ್ ಕನಸಿರುವವರು ಈ ಇತಿಹಾಸ ಓದಬೇಕು. ಹೂಡಿಕೆದಾರ ಇಲ್ಲ, ಮಾರಿಕೊಳ್ಳುವ ಆಲೋಚನೆಯಿಲ್ಲ, ಲೇಬಲ್ ಮಾತ್ರ ಇವತ್ತಿಗೂ ಇದೆ.

ಈಗ ಆ ಪ್ರಶ್ನೆ. ಯಾರು ಬಡೀತಾರೆ?

ನಮ್ಮೂರಲ್ಲಿ ಹಲಗಿ ಬಡಿಯುವವರು ಮಾದಿಗರ ಕೇರಿಯವರು. ನಾನು ಊರೊಳಗಿನ ಮನೆಯವನು. ತೇರು ಎಳೆಯುವಾಗ ಅವರು ಮುಂದೆ ಇರಬೇಕು, ಗುಡಿಯ ಕಟ್ಟೆ ಮಾತ್ರ ಹತ್ತುವಂತಿಲ್ಲ. ಹುಲ್ಲು ಸುಟ್ಟು ಹಲಗಿ ಕಾಯಿಸಿದಾಗ ಬರುವ ವಾಸನೆ, ಆಮೇಲೆ ಕಾದ ಚರ್ಮದ ಮೇಲಿನ ಮೊದಲ ಪೆಟ್ಟು, ನನ್ನ ಬಾಲ್ಯದ ಅತ್ಯಂತ ದೊಡ್ಡ ಸಪ್ಪಳ ಅದು. ನನ್ನ ಕ್ಲಾಸ್‌ಮೇಟ್ ಒಬ್ಬನ ಅಪ್ಪ ಅದರಲ್ಲಿ ಎತ್ತಿದ ಕೈ. ಕೂಲಿ ಅಂದರೆ ಒಂದಿಷ್ಟು ಜೋಳ, ಉಳಿದ ಹೋಳಿಗೆ.

ನಾನು ಎಂಟನೇ ಕ್ಲಾಸಿನಲ್ಲಿದ್ದ ವರ್ಷ ಆ ಕೇರಿಯ ಹುಡುಗರು, ರೊಕ್ಕ ಮಾತಾಡ್ರಿ, ಇಲ್ಲಂದ್ರ ಬಡಿಯಂಗಿಲ್ಲ ಅಂದರು. ಹಿರಿಯರು ಕೂಡಿದರು. ಕೇರಿಯವರಿಗೆ ಕಿರಾಣಿ ಇಲ್ಲ, ಹೊಲದ ಕೆಲಸ ಇಲ್ಲ ಅಂತ ಆಯಿತು. ಹದಿನೈದು ದಿನ ನಡೆಯಿತು. ನಮ್ಮ ಮನೆಯ ಕಟ್ಟೆಯ ಮೇಲೂ ಅದೇ ಮಾತು, ನಾನು ಒಳಗೆ ಹೋಮ್‌ವರ್ಕ್ ಮಾಡುತ್ತಿದ್ದೆ. ಶಾಲೆಯಲ್ಲಿ ಗೆಳೆಯನ ಪಕ್ಕ ಕೂರುವುದು ಬಿಟ್ಟೆ. ಯಾರೂ ಹಾಗೆ ಮಾಡು ಅಂತ ಹೇಳಿರಲಿಲ್ಲ.

ಇದು ಹಳೇ ಕಥೆ ಅಂದುಕೊಳ್ಳಬೇಡಿ. 2014ರ ಆಗಸ್ಟಿನಲ್ಲಿ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ದಲಿತರ ಮೇಲೆ ಹಲ್ಲೆಯಾಗಿ, ಗುಡಿಸಲುಗಳಿಗೆ ಬೆಂಕಿ ಬಿತ್ತು. ಅದರ ಹಿಂದಿನ ತಕರಾರು ಹೋಟೆಲ್ ಮತ್ತು ಕಟಿಂಗ್ ಶಾಪಿನೊಳಗೆ ದಲಿತರನ್ನು ಬಿಡದಿರುವುದು. ಹತ್ತು ವರ್ಷದ ನಂತರ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಪ್ರಕರಣ ಅಲ್ಲಿಂದ ಹೈಕೋರ್ಟಿಗೆ ಹೋಯಿತು. 2021ರಲ್ಲಿ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ಪುಟ್ಟ ಮಗುವೊಂದು ಗುಡಿಯೊಳಗೆ ಓಡಿತು ಅಂತ ಅದರ ಅಪ್ಪ ಅವ್ವನಿಗೆ ದಂಡ ಕೇಳಿದ್ದರು.

ಲಂಡನ್ನಿನ ಹುಡುಗ ಸಿಟ್ಟು ತೋರಿಸೋಕೆ ಕೂದಲನ್ನು ಬೇಕಾದ ಹಾಗೆ ಕತ್ತರಿಸಿಕೊಂಡ. ನನ್ನ ಜಿಲ್ಲೆಯಲ್ಲಿ ಕೂದಲು ಕತ್ತರಿಸಿಕೊಳ್ಳೋಕೆ ಕುರ್ಚಿ ಮೇಲೆ ಕೂತೇನಂದರೂ ಜಗಳ. ಹಾಸ್ಟೆಲ್ಲಿನ ಪೋಸ್ಟರ್ ನೋಡಿ ನಕ್ಕವನಿಗೆ ಇದು ಗೊತ್ತಾಗಲು ಬಹಳ ವರ್ಷ ಬೇಕಾಯಿತು.

ಹಲಗಿಯ ಬಂಧು ತಮಿಳುನಾಡಿನ ಪರೈ. 2018ರ ಜನವರಿಯಲ್ಲಿ ಚೆನ್ನೈನಲ್ಲಿ 'ದಿ ಕಾಸ್ಟ್‌ಲೆಸ್ ಕಲೆಕ್ಟಿವ್' ಮೊದಲ ಸಲ ವೇದಿಕೆ ಹತ್ತಿತು. ನಿರ್ದೇಶಕ ಪಾ. ರಂಜಿತ್ ಮತ್ತು ಸಂಗೀತಗಾರ ಟೆನ್ಮಾ ಕಟ್ಟಿದ ತಂಡ. ಅಲ್ಲಿ ಗಾನಾ ಹಾಡು, ಎಲೆಕ್ಟ್ರಿಕ್ ಗಿಟಾರು, ಪರೈ ಒಟ್ಟಿಗೆ ನಿಂತಿವೆ. ಐದು ಆಲ್ಬಮ್ ಮುಗಿದ ಮೇಲೆ ಇವರನ್ನು ಕೇಳಿ. ಕ್ಯಾಬಿನಲ್ಲಿ ನನ್ನ ಬಾಯಿಂದ ಬಂದ ಮಾತು ಬರೀ ಹೋಲಿಕೆ ಅಲ್ಲ ಅಂತ ಗೊತ್ತಾಗುತ್ತದೆ.

ಆ ಕ್ಲಾಸ್‌ಮೇಟ್ ಈಗ ಹೊಸಪೇಟೆ ಕಡೆ ಲಾರಿ ಓಡಿಸುತ್ತಾನೆ. ಅವನಪ್ಪ ತೀರಿಹೋಗಿ ಬಹಳ ದಿನವಾಯಿತು. ಕಳೆದ ದೀಪಾವಳಿಗೆ ಊರಿಗೆ ಹೋದಾಗ ನಾನೇ ಹುಡುಕಿಕೊಂಡು ಹೋದೆ. ಎಂಟನೇ ಕ್ಲಾಸಿನ ಮಾತು ತೆಗೆದೆ. "ನೀ ಸಣ್ಣಾವಿದ್ದಿ ಬಿಡಲೇ" ಅಂದ. "ನೀನೂ ಸಣ್ಣಾವನ ಇದ್ದಿ" ಅಂದೆ. ಅವನು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಫೋನಿನಲ್ಲಿ ರಮೋನ್ಸ್ ಕೇಳಿಸಿದೆ. ಒಂದು ಹಾಡು ಪೂರ್ತಿ ಕೇಳಿದ.

"ಜೋರೇನೋ ಐತಿ. ನಮ್ಮಪ್ಪನ ಕೈ ಇದಕ್ಕಿಂತ ಜೋರಿತ್ತು. ಇವರಿಗೆ ರೊಕ್ಕ ಸಿಕ್ತೇನು?"

ನನಗೆ ಗೊತ್ತಿದ್ದದ್ದು ಹೇಳಿದೆ. ಈ ಆಲ್ಬಮ್ ಬಂದಾಗ ಕೊಂಡವರು ಕಡಿಮೆ. ಅಮೆರಿಕದಲ್ಲಿ 5 ಲಕ್ಷ ಪ್ರತಿಯ ಗೋಲ್ಡ್ ರೆಕಾರ್ಡ್ ಮನ್ನಣೆ ಸಿಕ್ಕಿದ್ದು 2014ರಲ್ಲಿ, 38 ವರ್ಷ ಆದ ಮೇಲೆ. ಅಷ್ಟೊತ್ತಿಗೆ ಅದರಲ್ಲಿ ನುಡಿಸಿದ ನಾಲ್ವರಲ್ಲಿ ಮೂವರು ಸತ್ತಿದ್ದರು.

ಅವನು ಫೋನ್ ವಾಪಸ್ ಕೊಡುತ್ತಾ ಅಂದ, "ಹಂಗಂದ್ರ ನಮ್ಮಪ್ಪನಂಗ ಆತು."