ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ: ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಮೌಖಿಕ ನೆನಪುಗಳು

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳಿಂದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಓದಲು ಅಥವಾ ದುಡಿಯಲು ಹೋದವರು ಮತ್ತು ಅವರ ಮನೆಯವರು ಬಾಯಿಂದ ಬಾಯಿಗೆ ಹೇಳಿಕೊಂಡು ಬಂದ ಅನುಭವಗಳು ಈ ಲೇಖನದ ವಿಷಯ. ವಿಶ್ವವಿದ್ಯಾಲಯದ ಲಿಖಿತ ಚರಿತ್ರೆಯಲ್ಲಿ ಕಾಯ್ದೆ, ಕುಲಪತಿ, ಕಟ್ಟಡ, ಘಟಿಕೋತ್ಸವಗಳ ದಾಖಲೆ ಸಿಗುತ್ತದೆ. ಎರೆಭೂಮಿಯ ಒಕ್ಕಲು ಮನೆಯೊಂದು ಒಂದು ಪದವಿಯ ಖರ್ಚನ್ನು ಹೇಗೆ ಹೊತ್ತಿತು ಎಂಬುದು ಹೆಚ್ಚಾಗಿ ನೆನಪುಗಳಲ್ಲೇ ಉಳಿದಿದೆ.

ಹಿನ್ನೆಲೆ

ಮುಂಬಯಿ ಕರ್ನಾಟಕದ ಕನ್ನಡ ಜಿಲ್ಲೆಗಳ ಕಾಲೇಜುಗಳು ಮೊದಲು ಮುಂಬಯಿ ವಿಶ್ವವಿದ್ಯಾಲಯದ ಅಧೀನದಲ್ಲಿದ್ದವು. ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ ಆರಂಭವಾಯಿತು. ಸದರ್ನ್ ಮರಾಠಾ ರೈಲ್ವೆಯ ಕೇಂದ್ರ ಕಚೇರಿಯಾಗಿದ್ದ ಕಲ್ಲಿನ ಕಟ್ಟಡವೇ ಅದರ ನೆಲೆಯಾಯಿತು. ಪ್ರತ್ಯೇಕ ವಿಶ್ವವಿದ್ಯಾಲಯ ಬೇಕೆಂಬ ಬೇಡಿಕೆ ಏಕೀಕರಣ ಚಳವಳಿಯ ಜೊತೆಜೊತೆಗೇ ಬೆಳೆಯಿತು. 1949ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯ 1950ರಲ್ಲಿ ಧಾರವಾಡಕ್ಕೆ ಬಂತು. ಆರ್.ಎ. ಜಾಗೀರದಾರ ಮೊದಲ ಕುಲಪತಿ. 1954ರಿಂದ 1967ರವರೆಗೆ ಕುಲಪತಿಯಾಗಿದ್ದ ಡಿ.ಸಿ. ಪಾವಟೆಯವರ ಕಾಲದಲ್ಲಿ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ಇಂದಿನ ಆವರಣ ರೂಪುಗೊಂಡಿತು.

ರೋಣ ಮತ್ತು ನರಗುಂದ ಆಗ ಧಾರವಾಡ ಜಿಲ್ಲೆಯ ತಾಲ್ಲೂಕುಗಳು. ಗಜೇಂದ್ರಗಡ ರೋಣ ತಾಲ್ಲೂಕಿನ ಊರು. ಗದಗ ಜಿಲ್ಲೆಯಾದದ್ದು 1997ರಲ್ಲಿ, ಗಜೇಂದ್ರಗಡ ತಾಲ್ಲೂಕಾದದ್ದು ಅದಕ್ಕೂ ಬಹಳ ತಡವಾಗಿ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಹುಟ್ಟಿ ನೆರೆಯ ಜಿಲ್ಲೆಗಳು ಬೇರೆಯಾದರೂ ಈ ಸೀಮೆಯ ಕಾಲೇಜುಗಳು ಧಾರವಾಡದ ಜೊತೆಗೇ ಉಳಿದವು. ಹೀಗಾಗಿ ಒಂದೇ ಮನೆಯ ಅಜ್ಜ, ಮಗ, ಮೊಮ್ಮಗಳು ಒಂದೇ ವಿಶ್ವವಿದ್ಯಾಲಯದ ಪದವೀಧರರಾಗುವುದು ಇಲ್ಲಿ ಸಾಧ್ಯವಾಯಿತು.

ದಾರಿ ಮತ್ತು ಬುತ್ತಿ

ಹೊಳೆಆಲೂರು ಕಡೆಯವರಿಗೆ ಗದಗ–ಹೊಟಗಿ ಮಾರ್ಗದ ರೈಲು ಇತ್ತು; ಗದಗ, ಹುಬ್ಬಳ್ಳಿ ದಾಟಿ ಧಾರವಾಡ ಸೇರುತ್ತಿದ್ದರು. ರೈಲಿಲ್ಲದ ರೋಣ, ಗಜೇಂದ್ರಗಡದವರಿಗೆ ಗದಗಿನ ಬಸ್ಸೇ ಗತಿ. ನರಗುಂದದವರು ನವಲಗುಂದದ ದಾರಿ ಹಿಡಿಯುತ್ತಿದ್ದರು. ಮಳೆಗಾಲದಲ್ಲಿ ಎರೆಮಣ್ಣು ಚಕ್ಕಡಿಯ ಗಾಲಿಯನ್ನೇ ಹಿಡಿದು ನಿಲ್ಲಿಸುತ್ತಿದ್ದ ಕಾಲದಲ್ಲಿ ಹಳ್ಳಿಯಿಂದ ಬಸ್ ನಿಲ್ಲುವ ಜಾಗದವರೆಗಿನ ನಡಿಗೆಯೇ ಪ್ರಯಾಣದ ಕಷ್ಟದ ಭಾಗ.

ಇದೇ ಬಸ್ಸು, ರೈಲುಗಳಲ್ಲಿ ಬುತ್ತಿಯೂ ಧಾರವಾಡಕ್ಕೆ ಹೋಗುತ್ತಿತ್ತು. ಉತ್ತರ ಕರ್ನಾಟಕದ ವಿದ್ಯಾರ್ಥಿ ಜೀವನದ ನೆನಪುಗಳಲ್ಲಿ ಇದಕ್ಕೆ ದೊಡ್ಡ ಸ್ಥಾನವಿದೆ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಝುಣಕ ತುಂಬಿದ ಡಬ್ಬಿಗೆ ಅರಿವೆ ಕಟ್ಟಿ, ಹೆಸರು ಮತ್ತು ಕೋಣೆಯ ವಿಳಾಸ ಬರೆದು ಕಂಡಕ್ಟರನ ಕೈಗೆ ಕೊಡುವುದು ರೂಢಿ. ಹುಡುಗರು ಬಸ್ ಸ್ಟ್ಯಾಂಡಿಗೆ ಹೋಗಿ ತುಂಬಿದ ಡಬ್ಬಿ ಇಳಿಸಿಕೊಂಡು, ಖಾಲಿ ಡಬ್ಬಿಯನ್ನು ತಿರುಗಿ ಹೋಗುವ ಬಸ್ಸಿಗೆ ಹಾಕುತ್ತಿದ್ದರು. ಹೊಲದ ಜೋಳ ಮನೆಯಲ್ಲೇ ರೊಟ್ಟಿಯಾಗುತ್ತಿದ್ದುದರಿಂದ ಖಾನಾವಳಿಗೆ ಕೊಡಬೇಕಾದ ರೊಕ್ಕ ಉಳಿಯುತ್ತಿತ್ತು. ನಸುಕಿನಲ್ಲಿ ಎದ್ದು ರೊಟ್ಟಿ ಬಡಿದ ತಾಯಿ, ಅಕ್ಕ, ಅತ್ತಿಗೆಯರ ದುಡಿಮೆ ಯಾವ ಲೆಕ್ಕಪತ್ರದಲ್ಲೂ ಸೇರಲಿಲ್ಲ. ಅವರಲ್ಲಿ ಹಲವರು ವಿಶ್ವವಿದ್ಯಾಲಯವನ್ನು ಕಣ್ಣಿಂದ ನೋಡಿದವರೂ ಅಲ್ಲ.

ಬುತ್ತಿಯ ಅನುಕೂಲವಿಲ್ಲದವರಿಗೆ ಮಠಗಳು ಆಸರೆಯಾದವು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಸಿದ ಉಚಿತ ಪ್ರಸಾದ ನಿಲಯ ಬಡ ಹಳ್ಳಿಹುಡುಗರ ಹಲವು ಪೀಳಿಗೆಗಳನ್ನು ಸಾಕಿತು. ಜಾತಿ ಸಮುದಾಯಗಳು ಕಟ್ಟಿದ ಹಾಸ್ಟೆಲುಗಳೂ ಇದ್ದವು. ಯಾವ ಹಾಸ್ಟೆಲಿನಲ್ಲಿ ಯಾರಿಗೆ ಜಾಗ ಸಿಗುತ್ತಿತ್ತು, ಯಾರಿಗೆ ಸಿಗುತ್ತಿರಲಿಲ್ಲ ಎಂಬ ವಿವರ ಆ ಕಾಲದ ಸಾಮಾಜಿಕ ಚರಿತ್ರೆಗೆ ಮುಖ್ಯ. ಕೃತಜ್ಞತೆಯ ನೆನಪುಗಳು ಇದನ್ನು ಸಾಮಾನ್ಯವಾಗಿ ತಾವಾಗಿ ಹೇಳುವುದಿಲ್ಲ, ಕೇಳಿ ತಿಳಿಯಬೇಕಾಗುತ್ತದೆ.

ಈ ಸೀಮೆಯ ಅಧ್ಯಾಪಕರು

ಈ ಭಾಗ ವಿಶ್ವವಿದ್ಯಾಲಯಕ್ಕೆ ಅಧ್ಯಾಪಕರನ್ನೂ ಕೊಟ್ಟಿತು. ರೋಣ ತಾಲ್ಲೂಕಿನ ನಿಡಗುಂದಿಯ ಸಂ.ಶಿ. ಭೂಸನೂರಮಠ ವಚನ ಸಾಹಿತ್ಯದ ದೊಡ್ಡ ವಿದ್ವಾಂಸರು. 1965ರಿಂದ 1972ರ ನಡುವೆ ವಿಶ್ವವಿದ್ಯಾಲಯ ಐದು ಸಂಪುಟಗಳಲ್ಲಿ ಹೊರತಂದ ಶೂನ್ಯಸಂಪಾದನೆಯ ಇಂಗ್ಲಿಷ್ ಅನುವಾದದಲ್ಲಿ ಅವರು ಆರ್ಮಾಂಡೊ ಮೆನೆಜಿಸ್ ಅವರೊಂದಿಗೆ ದುಡಿದರು. ಗೋವೆಯ ಮೂಲದ ಇಂಗ್ಲಿಷ್ ಕವಿಯೊಬ್ಬರು ಮತ್ತು ರೋಣದ ಕಡೆಯ ವಚನ ಪಂಡಿತರೊಬ್ಬರು ಒಂದೇ ಪಠ್ಯದ ಮುಂದೆ ಕೂತ ಈ ಕೆಲಸ ಅಂದಿನ ಧಾರವಾಡದ ವಿದ್ವತ್ತಿನ ಸ್ವರೂಪವನ್ನು ತೋರಿಸುತ್ತದೆ.

ಅದೇ ತಾಲ್ಲೂಕಿನ ಅಬ್ಬಿಗೇರಿಯಲ್ಲಿ 1939ರಲ್ಲಿ ಹುಟ್ಟಿದ ಗಿರಡ್ಡಿ ಗೋವಿಂದರಾಜ ಇಂಗ್ಲಿಷ್ ಪ್ರಾಧ್ಯಾಪಕರಾಗಿ, ಕನ್ನಡದ ಕತೆಗಾರ ಮತ್ತು ವಿಮರ್ಶಕರಾಗಿ ಹೆಸರಾದರು. 1964ರಲ್ಲಿ ಚಂದ್ರಶೇಖರ ಪಾಟೀಲ, ಸಿದ್ಧಲಿಂಗ ಪಟ್ಟಣಶೆಟ್ಟಿ ಅವರ ಜೊತೆ ಸೇರಿ ‘ಸಂಕ್ರಮಣ’ ಪತ್ರಿಕೆ ಆರಂಭಿಸಿದರು. ಮುಂದೆ ಧಾರವಾಡ ಸಾಹಿತ್ಯ ಸಂಭ್ರಮದ ರೂವಾರಿಯಾದರು. 2018ರಲ್ಲಿ ತೀರಿಕೊಂಡರು.

ಊರಿಗೆ ಬಂದ ವಿಶ್ವವಿದ್ಯಾಲಯ

ಓಡಾಟ ಒಂದೇ ದಿಕ್ಕಿನದಾಗಿರಲಿಲ್ಲ. 1939ರಲ್ಲಿ ಧಾರವಾಡದಲ್ಲಿ ಸ್ಥಾಪನೆಯಾಗಿ ಮುಂದೆ ವಿಶ್ವವಿದ್ಯಾಲಯದಲ್ಲಿ ಸೇರಿದ ಕನ್ನಡ ಸಂಶೋಧನ ಸಂಸ್ಥೆ ಶಾಸನ, ಹಸ್ತಪ್ರತಿಗಳ ಸಂಗ್ರಹಕ್ಕೆ ಹಳ್ಳಿಗಳನ್ನು ನೆಚ್ಚಿತ್ತು. ಕಲ್ಯಾಣ ಚಾಲುಕ್ಯರ ಕಾಲದ ಸೂಡಿ, ಪಂಚತಂತ್ರ ಬರೆದ ದುರ್ಗಸಿಂಹನ ಊರಾದ ಸವಡಿ ಇದೇ ಸೀಮೆಯಲ್ಲಿವೆ. ಜಾನಪದ ಅಧ್ಯಯನದಲ್ಲೂ ಧಾರವಾಡ ಮುಂದಿತ್ತು. ಕನ್ನಡ ಜಾನಪದ ಗೀತೆಗಳ ಕುರಿತ ಬಿ.ಎಸ್. ಗದ್ದಗಿಮಠರ ಪಿಎಚ್.ಡಿ. ಪ್ರಬಂಧ ಆ ಕ್ಷೇತ್ರದಲ್ಲಿ ಮೊದಲನೆಯದು. ಬೀಸುವ ಹಾಡು, ಸೋಬಾನೆ, ಲಾವಣಿಗಳನ್ನು ಹೇಳಿ ಬರೆಸಿದ ಹಳ್ಳಿಯವರೂ ಹೀಗೆ ವಿಶ್ವವಿದ್ಯಾಲಯದ ಕೆಲಸದಲ್ಲಿ ಪಾಲುದಾರರಾದರು.

ಪರೀಕ್ಷೆ ಮತ್ತು ಕಚೇರಿ

ಪದವಿ ಕಾಲೇಜುಗಳು ಗದಗಿಗೆ, ಆಮೇಲೆ ತಾಲ್ಲೂಕುಗಳಿಗೇ ಬಂದ ಮೇಲೆ ಹಲವರ ಪಾಲಿಗೆ ವಿಶ್ವವಿದ್ಯಾಲಯವೆಂದರೆ ಪರೀಕ್ಷಾ ವಿಭಾಗವಾಯಿತು. ಹಾಲ್‌ಟಿಕೆಟ್, ಮಾರ್ಕ್ಸ್‌ಕಾರ್ಡ್, ಮರುಮೌಲ್ಯಮಾಪನ, ಎಟಿಕೆಟಿ (ಫೇಲಾದ ವಿಷಯವಿದ್ದರೂ ಮುಂದಿನ ತರಗತಿಗೆ ಹೋಗುವ ಅವಕಾಶ) ಎಂಬ ಮಾತುಗಳು ಮನೆಮಾತಾದವು. ಮಾರ್ಕ್ಸ್‌ಕಾರ್ಡಿನಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದರೂ ತಿದ್ದಿಸಲು ಧಾರವಾಡಕ್ಕೆ ಹೋಗಬೇಕಿತ್ತು. ಕಿಟಕಿಯಾಚೆ ಕೂತ ಗುಮಾಸ್ತನಿಗೆ ದಪ್ಪ ಲೆಡ್ಜರುಗಳಲ್ಲಿ ಕೈಬರಹದ ಅಂಕಗಳನ್ನು ಹುಡುಕುವ ಕೆಲಸ. ಗುಮಾಸ್ತರು, ಜವಾನರು, ಗ್ರಂಥಾಲಯ ಸಹಾಯಕರು, ಹಾಸ್ಟೆಲಿನ ಅಡುಗೆಯವರ ಹೇಳಿಕೆಗಳಿಲ್ಲದೆ ಸಂಸ್ಥೆಯ ದಿನನಿತ್ಯದ ಚರಿತ್ರೆ ಪೂರ್ತಿಯಾಗದು.

ನೆನಪಿನ ಕಾಲಗಣನೆ

ಹೇಳುವವರು ಇಸವಿಗಿಂತ ಘಟನೆಗಳಿಂದ ಕಾಲವನ್ನು ಗುರುತಿಸುತ್ತಾರೆ: 1956ರ ಏಕೀಕರಣ, 1972ರ ಬರ, 1980ರ ನರಗುಂದ ಬಂಡಾಯ, 1982ರ ಗೋಕಾಕ ಚಳವಳಿ. ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರ ಮತ್ತು ಕುಸಿದ ಹತ್ತಿ ಬೆಲೆಯಿಂದ ಬೇಸತ್ತ ರೈತರು 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಬೀದಿಗಿಳಿದರು; ಗೋಲಿಬಾರಿನಲ್ಲಿ ಸಾವುಗಳಾದವು. ಮಕ್ಕಳ ಫೀ ಹುಟ್ಟುತ್ತಿದ್ದದ್ದೂ ಅದೇ ಹತ್ತಿಯಿಂದ. ಆದ್ದರಿಂದ ಈ ಸೀಮೆಯಲ್ಲಿ ಓದಿನ ಚರಿತ್ರೆಯನ್ನು ಪೇಟೆಯ ಧಾರಣೆಯಿಂದ ಬೇರೆ ಮಾಡಿ ಬರೆಯಲಾಗದು.

ಮೂಲಸಾಮಗ್ರಿಯಾಗಿ ನೆನಪು

ಇಂಥ ನೆನಪುಗಳನ್ನು ಆಧಾರವಾಗಿ ಸಂಗ್ರಹಿಸುವುದು ಹೊಸದಲ್ಲ: ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ 1948ರಲ್ಲೇ ಮೌಖಿಕ ಇತಿಹಾಸಕ್ಕೆ ಪ್ರತ್ಯೇಕ ಕಚೇರಿ ತೆರೆಯಿತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ 2019ರಲ್ಲಿ ತೆರೆದ ಪತ್ರಾಗಾರ ವಿಜ್ಞಾನಿಗಳ ಸಂದರ್ಶನಗಳನ್ನೂ ಸಂಗ್ರಹಿಸುತ್ತದೆ. ಧಾರವಾಡದ ವಿಷಯದಲ್ಲಿ ಪಾವಟೆಯವರ ಇಂಗ್ಲಿಷ್ ಆತ್ಮಕಥನ, ಲೇಖಕರ ಆತ್ಮಕಥೆಗಳು, ಅಭಿನಂದನ ಗ್ರಂಥಗಳು ಲಿಖಿತ ಆಧಾರಗಳು. ಇವು ಬಹುಪಾಲು ಮೇಲೇರಿದವರ ಮಾತು. ಫೇಲಾಗಿ ಊರಿಗೆ ಮರಳಿ ಕಮತ ಹಿಡಿದವರ ಮಾತು ಅವುಗಳಲ್ಲಿ ಕಡಿಮೆ.

ನೆನಪನ್ನು ದಾಖಲೆಯೊಂದಿಗೆ ತಾಳೆ ನೋಡುವುದೂ ಅಗತ್ಯ. 1940ರ ದಶಕದಲ್ಲಿ ಕರ್ನಾಟಕ ಕಾಲೇಜಿನಲ್ಲಿ ಓದಿದವರನ್ನು ಮನೆಯವರು ಕರ್ನಾಟಕ ವಿಶ್ವವಿದ್ಯಾಲಯದ ಪದವೀಧರರೆಂದು ಹೇಳಿದರೂ ಪ್ರಮಾಣಪತ್ರದಲ್ಲಿ ಮುಂಬಯಿಯ ಮುದ್ರೆ ಇರುತ್ತದೆ. ಇಸವಿಗೆ ಪ್ರಮಾಣಪತ್ರವೇ ಆಧಾರ. ಆ ಪದವಿಗಾಗಿ ಮನೆ ಮಾರಿದ್ದೇನು, ಅಡವಿಟ್ಟಿದ್ದೇನು, ಯಾವ ಮಗಳ ಸಾಲೆ ಬಿಡಿಸಿತು ಎಂಬುದಕ್ಕೆ ಮನೆಯವರ ಮಾತೇ ಆಧಾರ.